ಉಚಿತ ಚಿಹ್ನೆಗಳು

ಕಾವ್ಯ ಓದಲು ತನ್ನನ್ನು ಕರೆದಿದ್ದ ಸಭೆಗೆ ಮಾವನಲ್ಲವೆಂಬ ಹಳ್ಳಿಯಿಂದ ಪುಷ್ಪಾ ಬರೆದ ಪತ್ರದಲ್ಲಿ ದೋಷವೆಂಬುದು ಒಂದಿದ್ದರೆ ಅದು ಭಾಷೆಯ ಶುದ್ಧಿಯೇ. "ಆಮಂತ್ರಣಪತ್ರಿಕೆಯಲ್ಲಿ ಉಚಿತ ಚಿಹ್ನೆಗಳನ್ನು ಮುದ್ರಿಸಿದಲ್ಲಿ, ಗಾಲಿಕುರ್ಚಿಯಲ್ಲಿರುವ ನನ್ನಂಥವರು ಸಭೆಗೆ ಬರಬಹುದೋ ಬಾರದೋ ಎಂಬುದನ್ನು ಮೊದಲೇ ತಿಳಿಯುವೆವು" ಎಂದು ಆಕೆ ಬರೆದಿದ್ದಳು.

ಉಚಿತವೆಂದರೆ ತಕ್ಕದ್ದು, ಯೋಗ್ಯವಾದದ್ದು. ಔಚಿತ್ಯವೇ ಕಾವ್ಯದ ಜೀವವೆಂದು ಹಿರಿಯರು ಸಾರಿದ್ದಾರೆ. ಆದರೆ ಉದಕಮಂಡಲದ ಪೇಟೆಯಲ್ಲಿ ಬಣ್ಣದ ಅಂಗಡಿ ನಡೆಸುತ್ತ, ಗಿರಿಸೀಮೆಯ ಕಾವ್ಯಸಭೆಗೆ ಕಾರ್ಯದರ್ಶಿಯೂ ಆಗಿದ್ದ ಗುರುಮಲ್ಲಪ್ಪನಿಗೆ ಆ ಶಬ್ದದ ಅರ್ಥ ಒಂದೇ ಆಗಿತ್ತು: ದೊಡ್ಡ ಡಬ್ಬ ಕೊಂಡವರಿಗೆ ಒಂದು ಬ್ರಷ್ ಉಚಿತ.

"ಹೆಣ್ಣುಮಗಳು ವಿವೇಕಿ. ಸಭೆಗೆ ಖರ್ಚು ಬರಬಾರದು ಅಂತ ಯೋಚಿಸಿದ್ದಾಳೆ" ಎಂದು ಮೆಚ್ಚಿಕೊಂಡು ಅವನು ಮಣಿಕಂಡನ್‌ನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದನು.

ಮಣಿಕಂಡನ್ ಕಂಪ್ಯೂಟರಿನಲ್ಲಿ ಹುಡುಕಿ, ಇಂಥ ಚಿಹ್ನೆಗಳನ್ನು ಪುಕ್ಕಟೆಯಾಗಿ ಕೊಡುವ ಒಂದು ತಾಣವನ್ನು ತೆರೆದನು. ಗಾಲಿಕುರ್ಚಿ, ಗೀಟೆಳೆದ ಕಿವಿ, ಕೋಲು ಹಿಡಿದ ಮನುಷ್ಯ, ಸನ್ನೆ ಮಾಡುವ ಕೈಗಳು, ಒಟ್ಟು ಹನ್ನೆರಡು.

"ಈ ಕಿವಿ ಯಾತಕ್ಕಪ್ಪ?"

"ಕಿವಿ ಕೇಳದವರಿಗೆ ಅಣ್ಣಾ."

"ನಮ್ಮ ಮುಖ್ಯ ಅತಿಥಿಗಳ ಭಾಷಣಕ್ಕೆ ಅವರೇ ಪುಣ್ಯವಂತರು. ಹಾಕು. ಕೋಲಿನವನನ್ನೂ ಹಾಕು. ಫ್ರೀ ಅಂದಮೇಲೆ ಒಂದನ್ನು ಬಿಟ್ಟು ಒಂದನ್ನು ಹಾಕೋದು ಯಾಕೆ?"

"ಕೆಳಗೆ ಸಣ್ಣಕ್ಷರದಲ್ಲಿ ಬರೆದಿದೆ ಅಣ್ಣಾ. ಸೌಲಭ್ಯ ಇದ್ದರೆ ಮಾತ್ರ ಹಾಕಬೇಕಂತೆ."

"ಚಿಹ್ನೆ ಮುಂದೆ ಹೋಗಲಿ, ಸೌಲಭ್ಯ ಹಿಂದಿನಿಂದ ಬರ್ತದೆ" ಎಂದನು ಗುರುಮಲ್ಲಪ್ಪ.

ಪತ್ರಿಕೆ ಮಾವನಲ್ಲವನ್ನು ತಲುಪಿದಾಗ ಪುಷ್ಪಾ ಅದನ್ನು ಮೂರು ಬಾರಿ ಓದಿದಳು. ಗಮಕವನ್ನು, ಎಂದರೆ ಹಳೆಯ ಕಾವ್ಯವನ್ನು ರಾಗದಲ್ಲಿ ಓದುವ ಕಲೆಯನ್ನು, ಆಕೆ ಏಳು ವರ್ಷ ಗುರುಗಳಿಂದ ಫೋನಿನಲ್ಲಿಯೇ ಅಭ್ಯಾಸ ಮಾಡಿದ್ದಳು. ಸಭೆಯ ಮುಂದೆ ಮಾತ್ರ ಒಮ್ಮೆಯೂ ಓದಿರಲಿಲ್ಲ. ಕರೆದ ಸಭೆಗಳೆಲ್ಲ ಮೆಟ್ಟಿಲುಗಳ ಮೇಲಿದ್ದವು. ಈ ಸಲ ಹನ್ನೊಂದೂವರೆ ಗಂಟೆಗೆ ಆಕೆಯ ಹೆಸರಿತ್ತು, ಹೆಸರಿನ ಕೆಳಗೆ ಗಾಲಿಕುರ್ಚಿಯ ಚಿತ್ರವಿತ್ತು. ಆ ಚಿತ್ರವನ್ನು ನಂಬಿ ಆಕೆ ನೆರೆಮನೆಯ ನಂಜನ ಜೀಪಿನಲ್ಲಿ ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳನ್ನೂ ಹತ್ತಿ ಬಂದಳು.

ಸಭಾಭವನಕ್ಕೆ ಹದಿನೇಳು ಮೆಟ್ಟಿಲುಗಳಿದ್ದವು.

ಗುರುಮಲ್ಲಪ್ಪ ಶಾಲು ಸರಿಪಡಿಸಿಕೊಳ್ಳುತ್ತ ಇಳಿದು ಬಂದನು. "ನಾಲ್ಕು ಜನ ಇದ್ದೀವಲ್ಲ ತಾಯಿ, ಕುರ್ಚಿ ಸಮೇತ ಎತ್ತಿಬಿಡ್ತೀವಿ. ಉತ್ಸವಮೂರ್ತಿ ಹಾಗೆ."

"ಉತ್ಸವಮೂರ್ತಿಗೆ ಸೊಂಟ ಉಳುಕೋದಿಲ್ಲ ಅಣ್ಣ. ಹಿಂದೊಮ್ಮೆ ಹೀಗೇ ಎತ್ತಿದವರು ನನ್ನನ್ನ ಮೂರನೇ ಮೆಟ್ಟಿಲಲ್ಲಿ ಕೈಬಿಟ್ಟಿದ್ರು. ಅಲ್ಲದೆ, ನೀವು ಅಚ್ಚು ಹಾಕಿಸಿರೋ ಚಿತ್ರದಲ್ಲಿ ಎತ್ತೋರು ಯಾರೂ ಕಾಣಲಿಲ್ಲ."

"ಉಚಿತ ಚಿಹ್ನೆ ಅಂತ ನೀನೇ ಬರೆದಿದ್ದೆಯಲ್ಲ ತಾಯಿ. ಎಲ್ಲಾ ಉಚಿತವೇ. ಒಂದಕ್ಕೂ ಕಾಸು ಕೊಟ್ಟಿಲ್ಲ."

ಪುಷ್ಪಾ ತಾನು ಬರೆದ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡಳು. ಅರ್ಥವಾದಾಗ ಸಿಟ್ಟಿಗಿಂತ ಮೊದಲು ನಗೆ ಬಂದಿತು. "ತಪ್ಪು ನನ್ನದೇ. 'ತಕ್ಕ' ಅಂತ ಬರೀಬೇಕಿತ್ತು" ಎಂದಳು.

ಮುಂದಿನ ವರ್ಷ ಖಂಡಿತ ಏನಾದರೂ ಮಾಡೋಣವೆಂದೂ, ಈಗ ಊಟ ಮಾಡಿಕೊಂಡೇ ಹೋಗಬೇಕೆಂದೂ ಗುರುಮಲ್ಲಪ್ಪ ಕೈಮುಗಿದನು. ಭೋಜನಶಾಲೆ ಕೆಳಗೇ ಇದ್ದಿತು. ಅಕ್ಕಿಯ ಮೂಟೆಗಳನ್ನು ತಳ್ಳುಗಾಡಿಯಲ್ಲಿ ಒಳಕ್ಕೆ ಒಯ್ಯಲೆಂದು ಹಿಂಬದಿಯ ಬಾಗಿಲಿಗೆ ಇಳಿಜಾರು ಕಟ್ಟಿದ್ದರು. ಕಾವ್ಯಸಭೆಯಲ್ಲಿ ಅಕ್ಕಿಗೆ ದೊರೆತಿದ್ದ ಆ ಗೌರವದ ದಾರಿಯಲ್ಲಿ ಪುಷ್ಪಾಳ ಕುರ್ಚಿಯೂ ಸಲೀಸಾಗಿ ಒಳಹೊಕ್ಕಿತು.

ಅಡುಗೆಯ ಹೊಣೆ ಗುರುಮಲ್ಲಪ್ಪನ ಅಕ್ಕ ಲಿಂಗಾಜಮ್ಮನದು. ಎಲೆಗೆ ಕೈ ಹಾಕದೆ, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಕುಳಿತ ಪುಷ್ಪಾಳನ್ನು ನೋಡಿ ಆಕೆ ಸಂಗತಿ ಕೇಳಿದಳು.

"ಊಟಕ್ಕೆ ಬಂದೋಳಲ್ಲಮ್ಮ ನಾನು. ಓದೋಕೆ ಬಂದೆ. ಸಭೆ ಮೇಲಿದೆ."

ಲಿಂಗಾಜಮ್ಮ ತಮ್ಮನನ್ನು ಕರೆಸಿದಳು. "ಗುರು, ಮೇಲಿನವರನ್ನೆಲ್ಲ ಕೆಳಗೆ ಕರಿ."

"ಪದ್ಯ ಕೇಳೋಕೆ ಇಳಿದು ಬನ್ನಿ ಅಂದ್ರೆ ಯಾರಕ್ಕ ಬರ್ತಾರೆ? ಜಾಗ ಹಿಡಿದು ಕೂತಿದ್ದಾರೆ."

"ಪದ್ಯ ಅಂತ ಯಾಕಂತೀಯ? ಎಲೆ ಹಾಕಿದೆ ಅನ್ನು."

ಪ್ರಕಟಣೆಯಾಯಿತು. ರಸಾಸ್ವಾದದ ಮಹಿಮೆಯನ್ನು ವಿವರಿಸುತ್ತಿದ್ದ ಮುಖ್ಯ ಅತಿಥಿಗಳು ವಾಕ್ಯದ ಕ್ರಿಯಾಪದವನ್ನು ಮೇಲೆಯೇ ಬಿಟ್ಟು, ಎಲ್ಲರಿಗಿಂತ ಮುಂಚೆ ಇಳಿದು ಬಂದರು. ಸಭಿಕರು ಪಂಕ್ತಿ ಕಟ್ಟಿ ಕುಳಿತರು. ಎಲೆಯ ತುದಿಗೆ ಉಪ್ಪು ಬಿದ್ದಿತು, ಲೋಟಗಳಿಗೆ ನೀರು ಬಂದಿತು. ಅಲ್ಲಿಗೆ ಬಡಿಸುವುದು ನಿಂತಿತು. ಲಿಂಗಾಜಮ್ಮ ಅನ್ನದ ಕೊಪ್ಪರಿಗೆಗೆ ಮುಚ್ಚಳ ಹಾಕಿ, ಅದರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಈ ಮಗು ಓದಿ ಮುಗಿಸಿದ ಮೇಲೆ ಅನ್ನ. ನೀನು ಓದಮ್ಮ."

ಅರವಂಕಾಡಿನಿಂದ ಬಂದಿದ್ದ, ಕಾರ್ಖಾನೆಯಿಂದ ನಿವೃತ್ತರಾದ ಭೋಜನ್ ಎಂಬವರು ಮೆಲ್ಲಗೆ ಕೇಳಿದರು: "ಎಷ್ಟು ಪದ್ಯ ಆಗಬಹುದಮ್ಮ?"

"ಹನ್ನೆರಡು."

"ಉದ್ದನೆಯವೋ?"

"ಹಸಿದವರಿಗೆ ಉದ್ದವೇ" ಎಂದು ಪುಷ್ಪಾ ಪುಸ್ತಕ ತೆರೆದಳು.

ರಾಜ್ಯ ಕಳೆದುಕೊಂಡು ಕಾಡಿಗೆ ನಡೆದ ಅರಸನೊಬ್ಬನ ಕಥೆ. ಮೊದಲನೆಯ ಪದ್ಯದಲ್ಲಿ ಧ್ವನಿ ಮುಂದಿನ ಸಾಲಿನ ಎಲೆಗಳನ್ನು ದಾಟಲಿಲ್ಲ. ಏಳು ವರ್ಷ ಒಂದು ಫೋನಿಗೆ ಓದಿದವಳು ಈಗ ನೂರಿಪ್ಪತ್ತು ಮುಖಗಳಿಗೆ ಓದಬೇಕಾಗಿತ್ತು. ಎರಡನೆಯದರಲ್ಲಿ ಯಾರೋ ಕೆಮ್ಮಿದರು, ಮೂರನೆಯದರಲ್ಲಿ ಯಾರೋ ಗಡಿಯಾರ ನೋಡಿಕೊಂಡರು. ಐದನೆಯ ಪದ್ಯದಲ್ಲಿ ಅರಸನು ತಿರುಗಿ ನಿಂತು ತನ್ನ ಊರನ್ನು ನೋಡಿದಾಗ ಪಂಕ್ತಿ ನಿಶ್ಶಬ್ದವಾಯಿತು. ಅದು ಒಲೆಯ ಮೇಲಿನ ರಸದ ಪ್ರಭಾವವೋ, ಕಾವ್ಯರಸದ್ದೋ, ಭಗವಂತನೇ ಬಲ್ಲ. ಭೋಜನ್ ಅವರ ಬೆರಳು ಎಲೆಯ ಅಂಚಿನಲ್ಲಿ ತಾಳ ಹಿಡಿದಿತ್ತು. ಗುರುಮಲ್ಲಪ್ಪನೂ ಬಾಗಿಲಿಗೆ ಒರಗಿ ನಿಂತಲ್ಲೇ ನಿಂತಿದ್ದನು.

ಹನ್ನೆರಡು ಮುಗಿದುವು. ಲಿಂಗಾಜಮ್ಮ ಸೌಟು ಹಿಡಿದು ಎದ್ದಳು.

ಪುಷ್ಪಾ ತಲೆಯೆತ್ತಲಿಲ್ಲ. ಪುಟ ತಿರುವಿ ಹದಿಮೂರನೆಯದಕ್ಕೆ ಶ್ರುತಿ ಹಿಡಿದಳು. ಲಿಂಗಾಜಮ್ಮ ಮತ್ತೆ ಕುಳಿತಳು.