ಜಗಳವಾಡದ ಅತ್ತಿಗೆ

ನನ್ನ ಅತ್ತಿಗೆ ಜಗಳವನ್ನು ಮೂಗಿನಿಂದ ಆರಂಭಿಸುತ್ತಿದ್ದರು. ಅಣ್ಣನೂ ಅವರೂ ನಡೆಸುವ ಲಾಂಡ್ರಿಯ ಮೇಜಿನ ಮೇಲೆ ಗಿರಾಕಿ ತನ್ನ ಕೋಟನ್ನು ಇಟ್ಟನೆಂದರೆ ಸಾಕು, ಅದನ್ನು ಎರಡೂ ಕೈಯಿಂದ ಎತ್ತಿ, ಕಾಲರಿನ ಬಳಿ ಒಮ್ಮೆ, ಕಂಕುಳಿನ ಬಳಿ ಒಮ್ಮೆ ಮೂಸಿ, ಬಲಗಡೆಯ ಹುಬ್ಬನ್ನು ಮೇಲೇರಿಸಿ, "ನೋಡಿ ಸ್ವಾಮಿ" ಎನ್ನುವರು. ಆಮೇಲೆ ಏನು ಬರುತ್ತದೆಂಬುದು ಬೀದಿಗೆಲ್ಲ ಗೊತ್ತಿತ್ತು.

"ನೋಡಿ ಸ್ವಾಮಿ, ಕಾಫಿ ಕಲೆ ಅಂತೀರ. ಕಾಫಿಗೆ ಈ ವಾಸನೆ ಎಲ್ಲಿಂದ ಬರ್ಬೇಕು? ನನ್ನ ಹತ್ರ ಸುಳ್ಳು ಹೇಳಿ, ಪರವಾಗಿಲ್ಲ. ಕಲೆ ಹತ್ರ ಹೇಳಿದ್ರೆ ಅದು ಹೋಗಲ್ಲ."

ಗಂಡಸು, ಹೆಂಗಸು, ಕೆಟ್ಟು ಕೂತ ಇಸ್ತ್ರಿಪೆಟ್ಟಿಗೆ, ಎಲ್ಲರೂ ಅವರಿಗೆ ಸ್ವಾಮಿಯೇ. ಖಾಲಿ ಬೀದಿಯಲ್ಲಿಯೂ ಮೊಣಕೈಗಳನ್ನು ಹೊರಚಾಚಿ, ಕಣ್ಣಿಗೆ ಕಾಣದ ಜನಜಂಗುಳಿಯನ್ನು ಸೀಳುತ್ತ ನಡೆಯುವ ಅವರಿಗೆ ತರಕಾರಿಯ ತೂಕ, ಬಸ್ಸು ನಿಲ್ಲುವ ಜಾಗ, ನೆರೆಮನೆಯವರು ಕಸ ಸುರಿಯುವ ರೀತಿ, ಯಾವುದೂ ಪರರ ವಿಷಯವಾಗಿರಲಿಲ್ಲ. ನನ್ನ ಅಂಕಣ ಅಚ್ಚಾದ ದಿನ ಅಂಗಡಿಗೆ ಹೋದರೆ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟು, "ಏನಪ್ಪ ನ್ಯಾಯಾಧೀಶ, ಮಂತ್ರಿಗೆ ಚೆನ್ನಾಗಿ ಜಾಡಿಸಿದ್ದೀಯ. ನಿನ್ನ ಷರ್ಟಿನ ಕಾಲರ್ ಯಾವಾಗಲಾದ್ರೂ ನೋಡ್ಕೊಂಡಿದ್ದೀಯಾ?" ಎಂದು ಕೇಳುವರು. ಮಂತ್ರಿಗಳಿಂದ ಬಂದ ಯಾವ ಉತ್ತರವೂ ನನ್ನನ್ನು ಅಷ್ಟು ಕುಗ್ಗಿಸಿದ್ದಿಲ್ಲ.

ಅಣ್ಣನೋ, ಬಟ್ಟೆಗೂ ನೋವಾಗಬಾರದೆಂಬಂತೆ ಇಸ್ತ್ರಿ ಮಾಡುವ ಪ್ರಾಣಿ. ದಿನಕ್ಕೆ ಮೂರು ಮಾತಾಡಿದರೆ ಎರಡು "ಹೂಂ", ಒಂದು "ಆಯ್ತು". ದಂಪತಿಗಳಿಬ್ಬರ ಪಾಲಿನ ಸದ್ದನ್ನೂ ಅತ್ತಿಗೆಯೇ ಮಾಡುತ್ತಿದ್ದರು.

ಆದರೆ ಪ್ರತಿ ವರ್ಷ ಹಗಲು ಗಿಡ್ಡವಾಗಿ, ಬೆಳಗಿನ ಮಂಜು ಮಧ್ಯಾಹ್ನದವರೆಗೂ ಬೀದಿದೀಪಗಳಿಗೆ ಜೋತುಬೀಳುವ ಕಾಲ ಬಂದಾಗ, ಅತ್ತಿಗೆಯ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಈ ಸಲದ ಚಳಿಗಾಲದಲ್ಲಿ ಮೆಟ್ಟಿಲುಗಳೇ ಮುಗಿದುಹೋದವು. ಊರಿನ ಉಣ್ಣೆಯ ಕೋಟುಗಳೆಲ್ಲ ಅಂಗಡಿಗೆ ಬಂದು ರಾಶಿಬೀಳುವ ಸುಗ್ಗಿಯ ಸಮಯದಲ್ಲಿ, ಅವರು ಬಂದದ್ದನ್ನು ತೆಗೆದುಕೊಂಡರು, ಕೇಳಿದ್ದನ್ನು ಕೊಟ್ಟರು, ಯಾರ ಮುಖವನ್ನೂ ನೋಡಲಿಲ್ಲ. ಮೂಲೆಮನೆಯ ವಕೀಲರು ಅಣ್ಣನ ಭುಜ ತಟ್ಟಿ, "ನಿಮ್ಮ ಮನೆಯವರು ಈಗ ಎಷ್ಟು ಸಾಧುವಾಗಿದ್ದಾರೆ ಮಾರಾಯ್ರೆ! ಏನು ಮಂತ್ರ ಹಾಕಿದ್ರಿ?" ಎಂದು ಸಂತೋಷಪಟ್ಟರು. ಒಂದು ಜೀವ ಒಳಗೊಳಗೇ ಆರುತ್ತಿರುವುದನ್ನು ಸಭ್ಯತೆಯೆಂದು ಕರೆದು ಹಿಗ್ಗುವ ಈ ಸಭ್ಯರ ಮೇಲೆ ನನಗಿರುವ ಸಿಟ್ಟಿಗೆ ಪತ್ರಿಕೆಯ ಜಾಗ ಸಾಲದು.

ಬರಬರುತ್ತ ಅತ್ತಿಗೆ ಹಾಸಿಗೆ ಬಿಟ್ಟು ಏಳುವುದೂ ಕಮ್ಮಿಯಾಯಿತು. ಅವರ ಸ್ವಂತ ತಂಗಿ ಬಂದು, ಮಂಚದ ತುದಿಯಲ್ಲಿ ಕೂತು, "ಎಲ್ಲ ಇದ್ದೂ ಹೀಗೆ ಮುಸುಕು ಹಾಕ್ಕೊಂಡು ಮಲಗೋದು ಕೊಬ್ಬು ಅಲ್ವೇನಕ್ಕ? ನಿನಗೇನು ಕಮ್ಮಿಯಾಗಿದೆ, ಹೇಳು" ಎಂದಳು. ಬೇರೆ ಕಾಲವಾಗಿದ್ದರೆ ಕಮ್ಮಿಯಾದದ್ದನ್ನೆಲ್ಲ ಬೆರಳು ಮಡಚಿ ಎಣಿಸಿ, ಕೊನೆಯ ಬೆರಳಿಗೆ ತಂಗಿಯ ಬುದ್ಧಿಯನ್ನೇ ಸೇರಿಸುತ್ತಿದ್ದ ಅತ್ತಿಗೆ, "ಏನೂ ಕಮ್ಮಿಯಿಲ್ಲ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ವ್ಯಂಗ್ಯವಿರಲಿಲ್ಲ, ಅವರೇ ಇರಲಿಲ್ಲ.

ಅಣ್ಣ ತನಗೆ ತೋಚಿದ ಔಷಧಿಯನ್ನು ಮಾಡಿದ. ಪ್ಯಾಂಟಿನ ಕಾಲಿಗೆ ಒಂದರ ಪಕ್ಕ ಇನ್ನೊಂದು ಇಸ್ತ್ರಿಗೆರೆ ಬಿದ್ದರೆ ಅತ್ತಿಗೆ ಮನೆ ಸೂರು ಹಾರಿಸುತ್ತಿದ್ದರು; ಅದು ಅವರ ಪಾಲಿಗೆ ಅಂಗಡಿಯ ಮಾನಕ್ಕೆ ಬಿದ್ದ ಗೀರು. ಜೀವಮಾನದಲ್ಲಿ ಬೇಕೆಂದು ತಪ್ಪು ಮಾಡದ ಮನುಷ್ಯ ತನ್ನದೇ ಪ್ಯಾಂಟಿಗೆ ಜೋಡಿಗೆರೆ ಹಾಕಿ, ಅದನ್ನು ಅವರ ಕಣ್ಣೆದುರು ಹಾಸಿ, ಬೈಗುಳಕ್ಕಾಗಿ ಕಾದು ನಿಂತ. ಅತ್ತಿಗೆ ಗೆರೆಗಳನ್ನು ನೋಡಿದರು. "ಇರಲಿ ಬಿಡಿ" ಎಂದರು.

ಅಣ್ಣ ಇಸ್ತ್ರಿಯ ಪ್ಲಗ್ಗು ಕಿತ್ತು ನೇರ ನನ್ನ ಕೋಣೆಗೆ ಬಂದ. ಕೂರಲಿಲ್ಲ. "ಇರಲಿ ಬಿಡಿ ಅಂದಳು ಕಣೋ. ಅವಳು ಹಾಗನ್ನೋಳಲ್ಲ. ನನಗೆ ಭಯ ಆಗ್ತಿದೆ. ಅವಳು ಕೈತಪ್ಪಿ ಹೋಗ್ತಾಳೆ ಅನ್ಸುತ್ತೆ."

ಆಸ್ಪತ್ರೆಗೆ ಹೋಗೋಣವೆಂದಾಗಲೂ ಅತ್ತಿಗೆ ವಾದಿಸಲಿಲ್ಲ. ವೈದ್ಯೆ ಚಿಕ್ಕ ವಯಸ್ಸಿನವರು, ಅವಸರವಿಲ್ಲದವರು. "ಬೆಳಕು ಕಮ್ಮಿಯಾದಾಗ ಕೆಲವರಿಗೆ ಹೀಗೆ ಮನಸ್ಸು ಕುಸಿಯುತ್ತೆ. ಕೊಬ್ಬಲ್ಲ, ಸೋಮಾರಿತನ ಅಲ್ಲ. ಗುಳಿಗೆ ಕೊಡ್ತೀನಿ, ಅದು ನಿಧಾನಕ್ಕೆ ಕೆಲಸ ಮಾಡುತ್ತೆ. ಬೆಳಿಗ್ಗೆ ಬಿಸಿಲಿರಲಿ, ಇಲ್ಲದಿರಲಿ, ಹೊರಗೆ ಬೆಳಕಲ್ಲಿ ನಡೀಬೇಕು."

"ಏಳೋಕೇ ಆಗಲ್ಲವಲ್ಲ" ಎಂದರು ಅತ್ತಿಗೆ.

"ಹೌದಮ್ಮ, ಅದೇ ಕಾಯಿಲೆ. ಎಬ್ಬಿಸೋ ಕೆಲಸ ಇವರಿಗಿರಲಿ" ಎಂದು ವೈದ್ಯೆ ಅಣ್ಣನನ್ನು ತೋರಿಸಿದರು.

ಹೀಗೆ ನನ್ನಣ್ಣ ಅಂಗಡಿಯ ಬಾಗಿಲನ್ನು ತಡವಾಗಿ ತೆರೆಯತೊಡಗಿದ. ಒಳಗೋಡೆಯ ಬಳಿ ಅತ್ತಿಗೆ ಕೆಲಸ ಮಾಡುತ್ತಿದ್ದ ಭಾರದ ಮೇಜನ್ನು ಒಬ್ಬನೇ ಕಿಟಕಿಯ ಬುಡಕ್ಕೆ ತಳ್ಳಿದ. ಬೆಳಿಗ್ಗೆ ಹೆಂಡತಿಗೆ ತಾನೇ ಸ್ವೆಟರು ತೊಡಿಸಿ, ತೋಳು ಹಿಡಿದು, ಬೀದಿಯಲ್ಲಿ ಬೆಳಕಿರುವ ಪಕ್ಕವನ್ನೇ ಆರಿಸಿ ನಡೆಸಿದ. ಕಷ್ಟವಾದದ್ದು ಮಾತು. ಆಡಬೇಕಾದವರು ಆಡದಿದ್ದಾಗ ಅದೂ ಇವನ ಪಾಲಿಗೆ ಬಂತು. ಮೊದಲ ತಿರುವಿನಲ್ಲೇ ಮಾತು ಖಾಲಿಯಾದ್ದರಿಂದ, ಕಣ್ಣಿಗೆ ಬಿದ್ದ ಬೋರ್ಡುಗಳನ್ನು ಗಟ್ಟಿಯಾಗಿ ಓದಲು ಹಿಡಿದ. "ಹಲ್ಲಿನ ಆಸ್ಪತ್ರೆ. ಬೀಗದ ಕೈ ಮಾಡಿಕೊಡಲಾಗುವುದು. ಮನೆ ಬಾಡಿಗೆಗಿದೆ." ದಿನವೂ ಅದೇ ಬೀದಿ, ಅದೇ ಬೋರ್ಡು, ಅದೇ ಶ್ರದ್ಧೆ. ಜೊತೆಗೆ ಹೋಗುತ್ತಿದ್ದ ನನಗೂ ಎಲ್ಲ ಬಾಯಿಪಾಠವಾಯಿತು. ಅತ್ತಿಗೆ ಕಾಲೆಳೆಯುತ್ತ, ನೆಲ ನೋಡುತ್ತ ಬರುತ್ತಿದ್ದರು.

ವಾರಗಳು ಕಳೆದವು. ಒಂದು ಮಬ್ಬು ಬೆಳಿಗ್ಗೆ, ಗ್ಯಾರೇಜಿನ ಮುಂದೆ ಅಣ್ಣ ಎಂದಿನಂತೆ ಓದಿದ: "ಇಲ್ಲಿ ವಾಹನಗಳನ್ನು ನಿಲ್ಲಿಸಬಾರದು."

ಅತ್ತಿಗೆ ನಿಂತುಬಿಟ್ಟರು.

"ಎಷ್ಟು ಸಲ ಓದ್ತೀರ್ರೀ ಅದನ್ನೇ? ನಾವೇನು ವಾಹನಾನಾ?"

ಅಣ್ಣ ತಬ್ಬಿಬ್ಬಾದ. "ಅಲ್ಲ ಕಣೇ, ಸುಮ್ನೆ..."

"ಏನು ಸುಮ್ನೆ? ನನಗೆ ಅಕ್ಷರ ಬರಲ್ವಾ? ಅಲ್ಲಿ ಗೋಡೆ ಮೇಲೆ ಏನೋ ಅಂಟಿಸಿದ್ದಾರೆ, ಅದನ್ನಂತೂ ಒಂದು ದಿನಾನೂ ಓದಲಿಲ್ಲ ನೀವು. ಬಾಯಿ ಮುಚ್ಕೊಂಡು ನಡೀರಿ."

ಬಾಯಿ ಮುಚ್ಚಿಕೊಂಡು ನಡೆಯುವುದು ನನ್ನಣ್ಣನಿಗೆ ಹುಟ್ಟಿನಿಂದ ಬಂದ ವಿದ್ಯೆ. ಆ ದಿನ ಅದೂ ಅವನಿಗೆ ಸಾಧ್ಯವಾಗಲಿಲ್ಲ. ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡು, ಬಹುಮಾನ ಬಂದವನ ಮುಖದಲ್ಲಿ ನನ್ನ ಕಡೆ ತಿರುಗಿ, "ಬೈದಳು ಕಣೋ" ಎಂದ.

ಮರುದಿನ ಅತ್ತಿಗೆ ಮತ್ತೆ ಮೌನಿಯಾದರು. ಹಾಗಾಗುತ್ತದೆಂದು ವೈದ್ಯೆ ಮೊದಲೇ ಹೇಳಿದ್ದರು. ಅಣ್ಣ ಆ ಬೆಳಿಗ್ಗೆಯೂ ಸ್ವೆಟರು ಹಿಡಿದು ಮಂಚದ ಪಕ್ಕ ನಿಂತ. ಈ ಬರಹ ಬರೆಯುವ ಹೊತ್ತಿಗೂ ಚಳಿಗಾಲ ಮುಗಿದಿಲ್ಲ. ಗುಳಿಗೆ ನಡೆದಿದೆ, ನಡಿಗೆ ನಡೆದಿದೆ, ನಡುನಡುವೆ ನಮ್ಮಿಬ್ಬರಿಗೂ ಒಂದೊಂದು ಬೈಗುಳ ಸಿಗುತ್ತಿದೆ.

ಜಗಳಗಂಟರೆಂದು ನಾವು ಹೆಸರಿಟ್ಟು ದೂರವಿಡುವ ಇಂಥ ಜನ ಲೋಕದ ಮೇಲೆ ಇನ್ನೂ ಆಸೆ ಬಿಡದವರು. ತೂಕ ಸರಿಹೋದೀತು, ಎದುರಿಗಿರುವವನು ತಿದ್ದಿಕೊಂಡಾನು ಎಂಬ ಭರವಸೆಯಿಲ್ಲದೆ ಯಾರೂ ದನಿಯೇರಿಸಿ ಗಂಟಲು ನೋಯಿಸಿಕೊಳ್ಳುವುದಿಲ್ಲ. ಅವರ ಗದ್ದಲವನ್ನು ದೂರುವುದಕ್ಕೆ ನಮಗೆಲ್ಲ ಪುರುಸೊತ್ತಿದೆ. ಅದು ಯಾಕೆ ನಿಂತಿತೆಂದು ಕೇಳುವುದಕ್ಕಿಲ್ಲ. ನಿಮ್ಮ ಬೀದಿಯಲ್ಲೂ ಅಂಥವರೊಬ್ಬರಿದ್ದಾರು. ಅವರು ಒಂದು ಮಬ್ಬು ಬೆಳಿಗ್ಗೆ ಎಲ್ಲದಕ್ಕೂ ತಲೆಯಾಡಿಸಿದರೆ, ದಯವಿಟ್ಟು ನೆಮ್ಮದಿಯ ಉಸಿರು ಬಿಡಬೇಡಿ. ಹೋಗಿ ಬಾಗಿಲು ತಟ್ಟಿ. ತೆರೆಯುವುದು ತಡವಾದರೆ, ಅಲ್ಲೇ ನಿಂತಿರಿ.