ಉಪ್ಪು ಕೊನೆಗೆ

ಕೆಲಸಕ್ಕೆ ಸೇರಿದ ದಿನ ಮನೆಯೊಡತಿ ಬಸವರಾಜೇಶ್ವರಿ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮೋರಾ?"

ಸತ್ಯವತಿ ಹಣೆತುಂಬ ವಿಭೂತಿ ಎಳೆದುಕೊಂಡು ಹೋಗಿದ್ದಳು. "ನಿಮ್ಮೋರೇ ಅಂದ್ಕೊಳಿ ಅಮ್ಮ" ಎಂದಳು. ಅಂದುಕೊಳ್ಳುವ ಕೆಲಸವನ್ನು ಅವರಿಗೇ ಬಿಟ್ಟದ್ದರಿಂದ ತಾನು ಸುಳ್ಳು ಹೇಳಿದಂತಾಗಲಿಲ್ಲ ಎಂದು ಅವಳ ಸಮಾಧಾನ. ಅವರು ಅಂದುಕೊಂಡರು. ಚಂದ್ರಾ ಲೇಔಟಿನ ಆ ಮನೆಯ ಅಡುಗೆ ಆರು ವರ್ಷ ಸತ್ಯವತಿಯ ಕೈಯಲ್ಲೇ ನಡೆಯಿತು. ಅದೇ ರಸ್ತೆಯ ಇನ್ನೆರಡು ಮನೆಗೂ "ನಮ್ಮೋರೇ ಕಣ್ರೀ, ಕೈ ಶುದ್ಧ" ಎಂದು ಬಸವರಾಜೇಶ್ವರಿಯೇ ಅವಳನ್ನು ಗೊತ್ತು ಮಾಡಿಸಿಕೊಟ್ಟರು. ಹೆಗ್ಗನಹಳ್ಳಿಯ ಒಂಟಿ ಕೋಣೆಯಲ್ಲಿ ಗಂಡ ದೊಡ್ಡಹನುಮಯ್ಯ ಮಲಗಿದ್ದ. ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನ ಗಂಜಿ, ಮಾತ್ರೆ, ಕೋಣೆಯ ಬಾಡಿಗೆ ಎಲ್ಲವೂ ನಿಂತಿದ್ದದ್ದು ಆ ಒಂದು ಮಾತಿನ ಮೇಲೆ.

ಆ ಭಾನುವಾರ ಬಸವರಾಜೇಶ್ವರಿ ಮತ್ತು ಅವರ ಯಜಮಾನರು ರುದ್ರಮುನಿ ನಾಗರಬಾವಿಗೆ ಗೃಹಪ್ರವೇಶಕ್ಕೆ ಹೋಗಿದ್ದರು. ಮನೆಯಲ್ಲಿದ್ದವಳು ಮಗಳು ವಚನಾ ಒಬ್ಬಳೇ. ಎಂ.ಎ. ಓದುತ್ತಿದ್ದ ಹುಡುಗಿ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು, ಉಂಡ ತಟ್ಟೆಯನ್ನು ಮಾತ್ರ ಟೇಬಲ್ಲಿನ ಮೇಲೇ ಬಿಟ್ಟೇಳುತ್ತಿದ್ದಳು. ಅವಳು ಅಡುಗೆಮನೆಗೆ ಬಂದು ಒಂದು ಕಪ್ಪು ಕವರನ್ನು ಕಟ್ಟೆಯ ಮೇಲಿಟ್ಟಳು.

"ಸತ್ಯ ಆಂಟಿ, ಯಾರ್ಗೂ ಹೇಳ್ಬಾರ್ದು. ಬೀಫು. ಎಮ್ಮೆದು, ಹಸುದಲ್ಲ. ತರಕಾರಿ ಹಾಕಿ ಫ್ರೈ ಮಾಡ್ತೀನಿ. ಫ್ರೆಂಡ್ಸೆಲ್ಲ ತಿಂತಾರೆ, ನಾನೊಬ್ಳೇ ಬಾಕಿ."

ಸತ್ಯವತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಶಿವಶಿವಾ, ಇದೆಲ್ಲ ನಂಗೆ ಗೊತ್ತಿಲ್ಲ ಪುಟ್ಟಿ." ಆರು ವರ್ಷದ ಅಭ್ಯಾಸವಿತ್ತು, ಮುಖ ಸರಿಯಾಗಿಯೇ ಸಿಂಡರಿಸಿತು. ಸೆರಗಿನ ಹಿಂದಿದ್ದ ಮೂಗು ಮಾತ್ರ ತೌರುಮನೆಯ ಭಾನುವಾರಗಳಿಗೆ ಹೋಗಿ ಬಂತು.

ಅಷ್ಟಕ್ಕೇ ಅಲ್ಲಿಂದ ಎದ್ದು ಹೋಗಿದ್ದರೆ ಬದುಕಿಕೊಳ್ಳುತ್ತಿದ್ದಳು. ಆದರೆ ವಚನಾ ಕ್ಯಾರೆಟ್ಟನ್ನು ಸೌದೆ ಸೀಳಿದಂತೆ ಸೀಳಿ, ಅದೇ ಚಾಕುವಿನಿಂದ ಮಾಂಸವನ್ನು ಎಳೆಯ ಉದ್ದಕ್ಕೇ ಕೊಯ್ಯತೊಡಗಿದಳು. ಎಂಥ ಮೆದು ಮಾಂಸ ಅದು. ನೋಡಲಾಗಲಿಲ್ಲ. ಮೇಲಿಂದ ಹುಡುಗಿ ಹಿಡಿ ಉಪ್ಪು ಎತ್ತಿದಾಗ ಸತ್ಯವತಿ ಅವಳ ಮಣಿಕಟ್ಟು ಹಿಡಿದುಬಿಟ್ಟಳು.

"ಉಪ್ಪು ಕೊನೆಗೆ. ಮೊದ್ಲೇ ಹಾಕಿದ್ರೆ ದೊಡ್ಡದು ನೀರು ಬಿಟ್ಟು ರಬ್ಬರಾಗುತ್ತೆ."

ದೊಡ್ಡದು. ತಿನ್ನುವವರು ನಾಲ್ಕು ಜನರ ಎದುರು ಅದರ ಹೆಸರೆತ್ತದೆ ಹೇಳುವ ಮಾತು. ಬಾಯಿಂದ ಜಾರಿ ಹೋಗಿತ್ತು.

ವಚನಾಳಿಗೆ ಅದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳ ಕಣ್ಣು ಹೊಳೆದವು. "ಆಂಟಿ, ನೀವು ತಿಂತೀರಾ? ಅಂದ್ರೆ ನೀವು ನಮ್ಮೋರಲ್ವಾ? ಅಯ್ಯೋ, ನಂಗೆಷ್ಟು ಖುಷಿ ಆಗ್ತಿದೆ ಗೊತ್ತಾ?" ಎಂದು ತಬ್ಬಿಕೊಂಡಳು. "ಅಮ್ಮಂಗೆ ಹೇಳಲ್ಲ, ಪ್ರಾಮಿಸ್. ನೀವೇ ಕಲಿಸ್ಬೇಕು."

ಯಾರಾದರೂ ತಬ್ಬಿಕೊಂಡರೆ ನಂಬಿಬಿಡುವುದು ಬಡವರ ಚಾಳಿ. ಸತ್ಯವತಿ ಚಾಕು ತೆಗೆದುಕೊಂಡಳು. ಎಳೆಗೆ ಅಡ್ಡವಾಗಿ, ವೀಳ್ಯದೆಲೆಯಷ್ಟು ತೆಳ್ಳಗೆ, ಒಂದೇ ಸಮ ಕೊಯ್ದಳು. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಮಾಂಸ, ಎರಡು ಕಂತಿನಲ್ಲಿ ಬಿಡಿಬಿಡಿಯಾಗಿ. ಆಮೇಲೆ ಕ್ಯಾರೆಟ್, ಬೀನ್ಸ್, ದಪ್ಪ ಮೆಣಸಿನಕಾಯಿ, ಕುಟ್ಟಿದ ಮೆಣಸು. ಹುಡುಗಿ ಫೋನಿನಲ್ಲಿ ಫೋಟೋ ಮೇಲೆ ಫೋಟೋ ತೆಗೆದಳು. ಆ ಮನೆಯಲ್ಲಿ ಸತ್ಯವತಿ ಹೆದರಿಕೆಯಿಲ್ಲದೆ ಮಾಡಿದ ಅಡುಗೆ ಅದೊಂದೇ. ಅವಳಿಗೆ ನಿಜಕ್ಕೂ ಖುಷಿಯಾಗಿತ್ತು.

ಇನ್ನು ಉಪ್ಪೊಂದು ಬಾಕಿ. ಡಬ್ಬಿಗೆ ಕೈ ಹಾಕಿದಾಗ ಗೇಟು ಸದ್ದಾಯಿತು. ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ ಗಂಡ ಹೆಂಡತಿ ಬಂದುಬಿಟ್ಟಿದ್ದರು. ರುದ್ರಮುನಿ ಬಾಗಿಲಲ್ಲೇ ವಾಸನೆ ಹಿಡಿದು ಸೀದಾ ಪೂಜಾಕೋಣೆಗೆ ಹೋಗಿ ಕದ ಹಾಕಿಕೊಂಡರು. ಬಸವರಾಜೇಶ್ವರಿ ಅಡುಗೆಮನೆಗೆ ಬಂದು ಬಾಣಲೆಯೊಳಗೆ ನೋಡಿದರು. ಕ್ಯಾರೆಟ್ ದಪ್ಪದಪ್ಪ. ಮಾಂಸ ಮಾತ್ರ ಒಂದೇ ಅಳತೆ.

"ಇದನ್ನ ಹೆಚ್ಚಿದ್ದು ಯಾರು?"

ವಚನಾ ನೆಲ ನೋಡಿದಳು. ಹೆಚ್ಚು ಹೊತ್ತು ನೋಡಬೇಕಾಗಲಿಲ್ಲ. "ಸತ್ಯ ಆಂಟಿ. ಅವ್ರೇ ತಂದಿದ್ದು. ನಾನು ಬೇಡ ಅಂದೆ." ಅಷ್ಟು ಸಾಲದೇನೋ ಎನ್ನಿಸಿರಬೇಕು. "ಅಮ್ಮ, ಅವ್ರು ನಮ್ಮೋರಲ್ಲ" ಎಂದಳು.

ಮೊದಲನೆಯ ಮಾತು ಸುಳ್ಳು ಎಂದು ಸತ್ಯವತಿ ಹೇಳಬಹುದಿತ್ತು. ಎರಡನೆಯದು ನಿಜವಾಗಿತ್ತಲ್ಲ, ಆ ನಿಜದ ಮುಂದೆ ಇವಳ ಯಾವ ಮಾತನ್ನು ಯಾರು ನಂಬಿಯಾರು?

ಬಸವರಾಜೇಶ್ವರಿ ಕೂಗಾಡಲಿಲ್ಲ. ಆರು ವರ್ಷ 'ನೀವು' ಎನ್ನುತ್ತಿದ್ದವರು ಆ ಒಂದಕ್ಷರವನ್ನು ಮಾತ್ರ ಕಿತ್ತುಕೊಂಡರು. "ನಮ್ಮನೆ ಉಪ್ಪು ತಿಂದೆಯಲ್ಲ ನೀನು. ನಿನ್ನ ಕೈಯಿಂದ ನಮ್ಮ ದೇವರಿಗೆ ನೈವೇದ್ಯ ಮಾಡಿಸಿದ್ನಲ್ಲ ನಾನು."

ಅವಳ ಕೈಯಲ್ಲೇ ಒಲೆ, ಕಟ್ಟೆ, ಗೋಡೆ ತೊಳೆಸಿದರು. ನೆಲವನ್ನು ಅರಿಸಿನದ ನೀರಿನಲ್ಲಿ ಮೂರು ಸಲ ಒರೆಸಿಸಿದರು. "ನಿಂತಿದ್ದ ಜಾಗಾನೂ ಒರಸ್ಕೊಂಡು ಹಿಂದಕ್ಕೆ ಹೋಗು" ಎಂದರು. ಸತ್ಯವತಿ ಮಂಡಿಯೂರಿ ತನ್ನ ಹೆಜ್ಜೆಯನ್ನು ತಾನೇ ಒರೆಸುತ್ತ ಹಿಂದೆ ಹಿಂದೆ ಸರಿದು ಹಿತ್ತಲ ಬಾಗಿಲಿನಿಂದ ಆಚೆ ಬಿದ್ದಳು. ಅಷ್ಟರಲ್ಲಿ ಬಸವರಾಜೇಶ್ವರಿ ಅವಳಿಗೆ ಕೇಳಿಸುವಂತೆಯೇ ಉಳಿದೆರಡು ಮನೆಗೂ ಫೋನು ಮಾಡಿ ಮುಗಿಸಿದ್ದರು. ಒಳಗೆ ಸ್ನಾನ ಮಾಡಿ ಬಂದ ಮಗಳ ಹಣೆಗೆ ವಿಭೂತಿ ಹಚ್ಚುತ್ತ, "ಪಾಪ, ಮಗು ಹೆದರಿದೆ" ಎನ್ನುತ್ತಿದ್ದರು. ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಮೆಟ್ಟಿಲ ಮೇಲಿಟ್ಟರು. "ಪಾತ್ರೆ ಸಮೇತ ತಗೊಂಡ್ ಹೋಗು."

ಹೋದಳು. ಬಾಣಲೆಗೆ ತಟ್ಟೆ ಮುಚ್ಚಿ, ಸೆರಗು ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೆಗ್ಗನಹಳ್ಳಿಗೆ ಹೋದಳು. ದೊಡ್ಡಹನುಮಯ್ಯನಿಗೆ ಏನೂ ಹೇಳದೆ ಬಡಿಸಿದಳು. ಅವನು ಎಷ್ಟೋ ತಿಂಗಳ ಮೇಲೆ ಗೋಡೆಗೆ ಒರಗಿ ಎದ್ದು ಕೂತು ಆಸೆಯಿಂದ ತಿಂದ.

"ಯಾರ್ ಮಾಡಿದ್ದೇ? ಬಾಯಲ್ಲಿ ಕರಗ್ತದೆ. ಉಪ್ಪೇ ಇಲ್ವಲ್ಲ."

ಫೋನು ಟಿಣ್ ಎಂದಿತು. ವಾಟ್ಸಾಪಿನಲ್ಲಿ ವಚನಾಳ ದನಿ, ಪಿಸುಮಾತಿನಲ್ಲಿ: "ಆಂಟಿ, ಸಾರಿ ಆಂಟಿ. ನೀವು ಅರ್ಥ ಮಾಡ್ಕೋತೀರಾ ಅಂತ ಗೊತ್ತು. ಫ್ರೆಂಡ್ ಮನೇಲಿ ಇನ್ನೊಂದ್ಸಲ ಮಾಡ್ತೀನಿ, ಫೋಟೋಗೆ ತುಂಬಾ ಲೈಕ್ಸ್ ಬಂದಿದೆ. ಉಪ್ಪು ಮೊದ್ಲಾ, ಕೊನೆಗಾ? ಮರ್ತೋಯ್ತು."

ಸತ್ಯವತಿ ಅದನ್ನು ಎರಡು ಸಲ ಕೇಳಿದಳು. ಆಮೇಲೆ ಗುಂಡಿ ಒತ್ತಿ, ಆರು ವರ್ಷ ಆ ಹುಡುಗಿಯನ್ನು ಊಟಕ್ಕೆ ಕರೆದ ಅದೇ ಅಕ್ಕರೆಯ ದನಿಯಲ್ಲಿ ಹೇಳಿದಳು: "ಮೊದ್ಲೇ ಹಾಕ್ಬೇಕು ಪುಟ್ಟಿ. ತುಂಬಾ ಹಾಕು."

ದೊಡ್ಡಹನುಮಯ್ಯ ಅಗಿಯುವುದನ್ನು ನಿಲ್ಲಿಸಿದ. "ಅಲ್ವೇ, ಕೊನೆಗಲ್ವಾ ಹಾಕೋದು?"

"ಕೊನೆಗೆ ಹಾಕೋದು ನಮ್ಮೋರು" ಎಂದು ಸತ್ಯವತಿ ಉಪ್ಪಿನ ಡಬ್ಬಿಯನ್ನು ಅವನ ಕಡೆ ಸರಿಸಿದಳು.