ನಾನು ಮೂರು ಇಂಚು ಬೆಳೆದ ಚಳಿಗಾಲ

ನನ್ನ ಮೈಮೇಲೆ ಒಂದರಿಂದ ಅರವತ್ತರವರೆಗೆ ಅಂಕಿಗಳಿವೆ. ಬೇರೆಯವರು ಹುಟ್ಟಿದ ಮೇಲೆ ಲೆಕ್ಕ ಕಲಿಯುತ್ತಾರೆ, ನಾನು ಕಲಿತೇ ಹುಟ್ಟಿದೆ. ದರ್ಜಿಗಳ ಕೊರಳಲ್ಲಿ ಜೋತಾಡುವ ಹಳದಿ ಬಟ್ಟೆಯ ಟೇಪು ನಾನು. ಕಾರ್ಖಾನೆಯಲ್ಲಿ ನನ್ನಂಥ ನೂರಾರು ಪಟ್ಟಿಗಳಿಗೆ ಒಟ್ಟಿಗೇ ಮೇಣ ಬಳಿದು, ಅಂಕಿ ಒತ್ತಿ, ಎರಡೂ ತುದಿಗೆ ಹಿತ್ತಾಳೆಯ ತಗಡು ಕಚ್ಚಿಸಿದರು. ಕಚ್ಚಿಸುವಾಗ ನೋವಾಯಿತು, ಸುಳ್ಳೇಕೆ ಹೇಳಲಿ? ಆಮೇಲೆ ಒಬ್ಬ ಮನುಷ್ಯ ನನ್ನನ್ನು ಕಬ್ಬಿಣದ ಪಟ್ಟಿಯ ಪಕ್ಕ ಮಲಗಿಸಿ ನೋಡಿ, "ಸರಿ ಇದೆ" ಎಂದ. ಆ ಒಂದು ಮಾತಿನ ಜಂಬದಲ್ಲೇ ನಾನು ಹದಿನೆಂಟು ವರ್ಷ ಕಳೆದೆ.

ಬೆಳಗಾವಿಯ ಪೇಟೆಯಲ್ಲಿ ನನ್ನನ್ನು ಕೊಂಡವರು ಬಸಲಿಂಗಪ್ಪ ಮಾಸ್ತರರು. ಗಂಡಸರ ಬಟ್ಟೆ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ನಡುವಿನ ಅಳತೆಗೆ ನಿಂತ ಕೂಡಲೇ ಗಂಡಸರು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಮಾಸ್ತರರು ಅವಸರ ಮಾಡುತ್ತಿರಲಿಲ್ಲ. ನನ್ನನ್ನು ಹಾಗೇ ಸುತ್ತಿ ಹಿಡಿದುಕೊಂಡು, "ಬಿಡ್ರಿ ಸಾಹೇಬ್ರ, ಉಸಿರ ಬಿಡ್ರಿ. ಪ್ಯಾಂಟ್ ಹಾಕ್ಕೊಳ್ಳಾವರು ನೀವ, ನಾ ಅಲ್ಲ" ಎನ್ನುತ್ತಿದ್ದರು. ಉಸಿರು ಬಿಟ್ಟಾಗ ಅಂಕಿ ಮೂರು ಇಂಚು ಮುಂದಕ್ಕೆ ಓಡುತ್ತಿತ್ತು. ನಾನು ಒಳಗೊಳಗೇ ನಗುತ್ತಿದ್ದೆ.

ಮಾಸ್ತರರ ಕಣ್ಣು ಮಂಜಾದಾಗ ಅವರು ಹೊಲಿಗೆಯಂತ್ರವನ್ನೂ ನನ್ನನ್ನೂ ತಮ್ಮ ಹತ್ತಿರ ಕೆಲಸ ಕಲಿತ ಇಂದುಮತಿಗೆ ಕೊಟ್ಟರು. ಬಾವಿ ಗಲ್ಲಿಯವರೆಲ್ಲ ಅವಳನ್ನು ಇಂದಕ್ಕ ಎನ್ನುತ್ತಾರೆ. ಅವಳ ಮನೆಯ ಮುಂದಿನ ಖೋಲಿಯೇ ಅಂಗಡಿ. ಬರುವವರೆಲ್ಲ ಹೆಂಗಸರು, ಹೊಲಿಯುವುದೆಲ್ಲ ಜಂಪರು. ಗಲ್ಲಿಯ ಯಾವ ಹೆಂಗಸು ಯಾವ ವರ್ಷ ಎಷ್ಟು ದಪ್ಪವಾದಳು ಎಂಬುದು ನನ್ನಷ್ಟು ಇನ್ನಾರಿಗೂ ಗೊತ್ತಿಲ್ಲ. ಆದರೆ ಬಾಯಿ ಬಿಡುವ ಜಾತಿ ನನ್ನದಲ್ಲ, ಹೆದರಬೇಡಿ.

ಇಂದಕ್ಕನಿಗೆ ಐವತ್ತೆರಡು ವರ್ಷ. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ, ಮೈ ಎಲ್ಲಕ್ಕಿಂತ ಜಾಸ್ತಿ. ದಿನವಿಡೀ ಯಂತ್ರದ ಮುಂದೆ ಕೂತವಳಿಗೆ ನಾಲ್ಕು ಹೆಜ್ಜೆ ಹಾಕಿದರೆ ದಮ್ಮು ಹತ್ತುತ್ತಿತ್ತು. ಸಂಕಲ್ಪಗಳಿಗೇನೂ ಬರವಿರಲಿಲ್ಲ. ಒಂದು ವರ್ಷ ಸಕ್ಕರೆ ಬಿಟ್ಟಳು, ಮಧ್ಯಾಹ್ನದವರೆಗೆ. ಇನ್ನೊಂದು ವರ್ಷ ಹಗ್ಗದಾಟಕ್ಕೆ ಹಗ್ಗ ತಂದಳು. ಎರಡೇ ದಿನಕ್ಕೆ ಅದು ಬಟ್ಟೆ ಒಣಹಾಕುವ ಹಗ್ಗವಾಯಿತು. ಯೋಗದ ಚಾಪೆ ಇಸ್ತ್ರಿ ಮೇಜಿನ ಹಾಸಾಯಿತು.

ಹೀಗಿರುವಾಗ ಒಂದು ಸಂಕ್ರಾಂತಿಯ ದಿನ ಗೆಳತಿಯರೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಊರಾಚೆಯ ಕೋಟೆ ಗುಡ್ಡಕ್ಕೆ ಹೋದರು. ಇನ್ನೂರ ಹದಿನಾರು ಮೆಟ್ಟಿಲು. ಇಂದಕ್ಕ ಇಪ್ಪತ್ತಕ್ಕೇ ಕುಸಿದು ಕೂತಳು. ಉಳಿದವರು ಚಪ್ಪಲಿ, ಚೀಲ ಎಲ್ಲ ಅವಳ ಮಡಿಲಿಗೆ ಹಾಕಿ ಮೇಲೆ ಹೋದರು. ಮೇಲಿನಿಂದ ಅವರ ನಗು ಕೇಳಿಸುತ್ತಿತ್ತು. ಯಾರದೋ ಚಪ್ಪಲಿ ಕಾಯುತ್ತ ಕೂತ ಇಂದಕ್ಕ ಒಬ್ಬಳೇ ರೊಟ್ಟಿ ಮುರಿದು ತಿಂದಳು. ಅವತ್ತು ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಕೊರಳಲ್ಲಿದ್ದ ನಾನೊಬ್ಬನೇ ಕಂಡೆ. ಮನೆಗೆ ಬಂದು ಎಲ್ಲರೆದುರು ಕತ್ತರಿಯ ಮೇಲೆ ಆಣೆ ಇಟ್ಟಳು.

"ಬರೋ ಸಂಕ್ರಾಂತಿಗೆ ನಾ ಆ ಗುಡ್ಡ ಹತ್ತಲಿಲ್ಲ ಅಂದ್ರ ಈ ಕತ್ರಿ ಮುಟ್ಟೂದಿಲ್ಲ!"

ದರ್ಜಿಗೆ ಕತ್ತರಿಯೆಂದರೆ ಅನ್ನ. ಇಷ್ಟಾಗಿಯೂ ಹತ್ತು ತಿಂಗಳು ಅವಳು ಆ ಸುದ್ದಿಯನ್ನೇ ಎತ್ತಲಿಲ್ಲ. ಬಿಸಿಲಿದ್ದಾಗ ಬಿಸಿಲಿನ ನೆವ, ಮಳೆಯಿದ್ದಾಗ ಮಳೆಯ ನೆವ, ನಡುವೆ ಹಬ್ಬದ ಹೊಲಿಗೆ.

ದೀಪಾವಳಿ ಮುಗಿದ ವಾರ ಶಕುಂತಲಾ ಅಕ್ಕೋರು ಬಂದರು. ಗಣಿತ ಕಲಿಸಿ ನಿವೃತ್ತಿಯಾದವರು, ಪಕ್ಕದ ಮನೆಯವರು, ಕಡ್ಡಿಯಂತಿರುವವರು. "ಇಂದೂ, ಸಂಕ್ರಾಂತಿಗೆ ಎರಡ ತಿಂಗಳ ಉಳದಾವ. ನಿನ್ನ ಕತ್ರಿ ಯಾರಿಗೆ ಕೊಡಾಕಿ, ಈಗ ಹೇಳಿಬಿಡು" ಎಂದರು. ಬಳೆ ಅಂಗಡಿಯ ಜೈತುನಬಿ ಜೊತೆಗಿದ್ದಳು. ಅವಳು, "ನನಗ ಕೊಡಲಿ ಅಕ್ಕೋರ, ಮನ್ಯಾಗ ತರಕಾರಿ ಹೆಚ್ಚಾಕ ಬರ್ತೈತಿ" ಅಂದಳು. ಇಂದಕ್ಕನಿಗೆ ಮೈ ಉರಿದುಹೋಯಿತು. ಕೂಡಲೇ ನನ್ನನ್ನು ತನ್ನ ನಡುವಿಗೆ ಸುತ್ತಿಕೊಂಡಳು. ನಲವತ್ತನಾಲ್ಕು. ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ 'ಸ್ವಂತ' ಎಂದು ಬರೆದು ಅಂಕಿ ಹಾಕಿದಳು. ನಾಳೆಯಿಂದ ಮೂವರೂ ಬೆಳಗ್ಗೆ ಆರಕ್ಕೆ ಕೋಟೆ ಕೆರೆಯವರೆಗೆ ನಡೆಯುವುದೆಂದು ನಿಶ್ಚಯವಾಯಿತು. ಅವಳ ಗಂಡ ಚನಬಸಪ್ಪ ಪೇಪರಿನಿಂದ ಮುಖ ಎತ್ತದೆ, "ಎಂಟ ದಿನ. ಒಂಬತ್ತನೇ ದಿನಾ ಎದ್ದರ ಚಹಾ ನಾ ಮಾಡ್ತೀನಿ" ಎಂದ.

ಬೆಳಗಾವಿಯ ಚಳಿ ನಿಮಗೆ ಗೊತ್ತೋ ಇಲ್ಲವೋ. ಬಾಯಿ ತೆರೆದರೆ ಹೊಗೆ. ಮಂಜಿನಲ್ಲಿ ಎದುರಿನ ಮನೆಯೂ ಕಾಣುವುದಿಲ್ಲ. ಇಂದಕ್ಕ ಸೀರೆಯ ಮೇಲೆ ಸ್ವೆಟರ್, ಸ್ವೆಟರಿನ ಮೇಲೆ ಶಾಲು, ತಲೆಗೆ ಗಂಡನ ಮಂಕಿ ಟೋಪಿ ಹಾಕಿ ಹೊರಟಳು. ಎದ್ದ ಕೂಡಲೇ ನನ್ನನ್ನು ಕೊರಳಿಗೆ ಹಾಕಿಕೊಳ್ಳುವುದು ಅವಳ ರೂಢಿ. ಹಾಗಾಗಿ ನಾನೂ ಹೊರಟೆ. ಸಪಾಟು ರಸ್ತೆ ಹೇಗೋ ಮುಗಿಯಿತು. ಕೆರೆಯ ಕಡಿದಾದ ಏರಿ ಬಂದ ಕೂಡಲೇ ಅವಳು ನಿಂತೇಬಿಟ್ಟಳು.

"ನನ್ನ ಕೈಲೆ ಆಗೂದಿಲ್ರೀ ಅಕ್ಕೋರ. ನೀವ ಹೋಗಿ ಬರ್ರಿ, ನಾ ಇಲ್ಲೇ ಕುಂದರ್ತೀನಿ."

"ಕುಂದ್ರೂದ ನಿನ್ನ ರೋಗ" ಎನ್ನುತ್ತ ಅಕ್ಕೋರು ಅವಳ ಕೊರಳಿನಿಂದ ನನ್ನನ್ನು ಎಳೆದುಕೊಂಡರು. ಒಂದು ತುದಿ ತಮ್ಮ ಮುಷ್ಟಿಗೆ ಸುತ್ತಿಕೊಂಡು ಇನ್ನೊಂದನ್ನು ಅವಳ ಕೈಗಿಟ್ಟು, "ಗಟ್ಟಿ ಹಿಡಿ" ಎಂದರು. ಜಗ್ಗಿದರು ನೋಡಿ! ಅಳೆಯಲು ಹುಟ್ಟಿದ ನಾನು ಹಗ್ಗವಾದೆ. ಮುಂದೆ ಕಡ್ಡಿಯಂಥ ಅಕ್ಕೋರು, ಹಿಂದೆ ಇಂದಕ್ಕ, ಅವಳ ಬೆನ್ನಿಗೆ ಕೈಕೊಟ್ಟು ನೂಕುತ್ತ ಜೈತುನಬಿ. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ಮೂವರೂ ನಕ್ಕು ನಕ್ಕು ಏರಿಯ ಮೇಲೆ ಬಿದ್ದರು.

ಇದೇ ದಿನಚರಿಯಾಯಿತು. ಇಬ್ಬನಿಯಲ್ಲಿ ತೊಯ್ದು ಮೆತ್ತಗಾದ ನನ್ನನ್ನು ದಿನಾ ಜಗ್ಗುವುದು. ಒಂಬತ್ತನೆಯ ದಿನ ಚನಬಸಪ್ಪ ತೆಪ್ಪಗೆ ಎದ್ದು ಚಹಾ ಮಾಡಿದ; ಸಕ್ಕರೆ ಹಾಕುವುದನ್ನು ಮರೆತಿದ್ದ, ಒಳ್ಳೆಯದೇ ಆಯಿತು. ಸೋಮವಾರಕ್ಕೊಮ್ಮೆ ಇಂದಕ್ಕ ನಡು ಅಳೆದುಕೊಳ್ಳುತ್ತಿದ್ದಳು. ನಲವತ್ಮೂರೂವರೆ. ಆಮೇಲೆ ನಲವತ್ಮೂರು. ನಲವತ್ತೆರಡೂವರೆ! ಅಂಕಿ ಇಳಿದಂತೆಲ್ಲ ಅವಳ ಉತ್ಸಾಹ ಏರಿತು. ಅಲಾರಂ ಬೇಕಾಗಲಿಲ್ಲ, ಅಕ್ಕೋರ ಬಾಗಿಲನ್ನು ಅವಳೇ ಬಡಿಯತೊಡಗಿದಳು.

ಆದರೆ ನನ್ನ ನೋವು ಯಾರಿಗೆ ಹೇಳಲಿ? ಇಳಿದದ್ದು ಅವಳ ನಡುವಲ್ಲ, ಬೆಳೆದದ್ದು ನಾನು. ಜಗ್ಗಿ ಜಗ್ಗಿ ನನ್ನ ಒಂದೊಂದು ಇಂಚೂ ಉದ್ದವಾಗಿತ್ತು. ಉದ್ದವಾದ ಇಂಚಿನಿಂದ ಅಳೆದರೆ ದಪ್ಪ ನಡುವೂ ಸಣ್ಣದೇ. ಹದಿನೆಂಟು ವರ್ಷ ಒಂದು ಗೆರೆಯಷ್ಟೂ ಸುಳ್ಳಾಡದ ನಾನು ಈಗ ಪ್ರತಿ ಸೋಮವಾರ ಹಸಿ ಸುಳ್ಳು ಹೇಳುತ್ತಿದ್ದೆ, ಆ ಸುಳ್ಳಿಗೆ ಅವಳು ಪುಟ್ಟ ಮಗುವಿನ ಹಾಗೆ ಕುಣಿಯುತ್ತಿದ್ದಳು. ನಿಜ ಗೊತ್ತಾದರೆ ನಡಿಗೆ ನಿಂತೇ ಹೋಗುತ್ತದೆ, ಗುಡ್ಡವೂ ಹೋಯಿತು, ಕತ್ತರಿಯೂ ಹೋಯಿತು ಎಂದು ನನಗೆ ಒಂದೇ ಚಿಂತೆ.

ಇನ್ನೂ ಮಜಾ ಕೇಳಿ. ಪುಸ್ತಕದಲ್ಲಿದ್ದ ಹಳೆಯ ಅಳತೆಗೆ ನನ್ನ ಉದ್ದದ ಇಂಚು ಹಿಡಿದು ಬಟ್ಟೆ ಕತ್ತರಿಸಿದರೆ ಜಂಪರು ದೊಗಲೆಯಾಗಲೇಬೇಕಲ್ಲ? ಆಯಿತು. ಗಲ್ಲಿಯ ತುಂಬ ಜಂಪರುಗಳು ಸಡಿಲಾದವು. ಒಬ್ಬಳಾದರೂ ದೂರು ತರಬೇಕಲ್ಲ! ಪ್ರತಿಯೊಬ್ಬಳೂ ತಾನು ತೆಳ್ಳಗಾಗಿದ್ದೇನೆ ಎಂದು ಹಿಗ್ಗಿ, ಮನೆಯಲ್ಲಿ ಗುಟ್ಟಾಗಿ ಎರಡು ಉಂಡೆ ಹೆಚ್ಚೇ ತಿಂದಳು. ಆ ಚಳಿಗಾಲದಷ್ಟು ಸುಖವಾಗಿ ಬಾವಿ ಗಲ್ಲಿ ಎಂದೂ ಇದ್ದದ್ದಿಲ್ಲ.

ಸಿಕ್ಕಿಬಿದ್ದದ್ದು ಅಕ್ಕೋರ ಜಂಪರಿನಿಂದ. ಹೊಸ ವರ್ಷದ ಮೊದಲ ವಾರ ಅವರು ಅದನ್ನು ಹಾಕಿಕೊಂಡೇ ಬಂದರು. ತೋಳು ಗಾಳಿಗೆ ಹಾರಾಡುತ್ತಿತ್ತು. "ಇಂದೂ, ನಾ ಮೊದಲ ಕಡ್ಡಿ ಅದೀನಿ. ಇನ್ನ ಎಲ್ಲಿಂದ ಸಣ್ಣಾಗ್ಲೆವಾ? ಎಲ್ಲೋ ಲೆಕ್ಕ ತಪ್ಪೈತಿ" ಎಂದು ಮನೆಗೆ ಹೋಗಿ ಮರದ ಫೂಟಪಟ್ಟಿ ತಂದರು. ಮೇಜಿನ ಮೇಲೆ ಸುಣ್ಣದ ಕಡ್ಡಿಯಿಂದ ಐದು ಫೂಟು ಗುರುತು ಹಾಕಿ ನನ್ನನ್ನು ಪಕ್ಕಕ್ಕೆ ಮಲಗಿಸಿದರು. ಗುರುತು ಮುಗಿದಲ್ಲಿ ನಾನು ಮುಗಿಯಲಿಲ್ಲ. ಮೂರು ಇಂಚು ಹೊರಗೆ ಚಾಚಿಕೊಂಡಿದ್ದೆ. ನಾಚಿಕೆಯಿಂದ ಸುರುಳಿ ಸುತ್ತಿಕೊಳ್ಳೋಣವೆಂದರೆ ಅಕ್ಕೋರು ಬೆರಳಿಂದ ಒತ್ತಿ ಹಿಡಿದಿದ್ದರು.

ಜೈತುನಬಿ ಓಡಿ ಪೇಟೆಯಿಂದ ಹೊಸ ಟೇಪು ತಂದಳು. ಇಂದಕ್ಕನ ನಡು ನನ್ನ ಲೆಕ್ಕದಲ್ಲಿ ನಲವತ್ತೊಂದೂವರೆ, ಹೊಸದರಲ್ಲಿ ನಲವತ್ಮೂರೂವರೆ. ಎರಡು ತಿಂಗಳ ಚಳಿ, ಇಬ್ಬನಿ, ಎಳೆದಾಟಕ್ಕೆ ಸಿಕ್ಕಿದ್ದು ಅರ್ಧ ಇಂಚು.

"ಹೋಗ್ರಿ ನೀವ" ಎಂದು ಇಂದಕ್ಕ ಬಾಗಿಲು ಹಾಕಿಕೊಂಡಳು. ನಾಲ್ಕು ದಿನ ನಡೆಯಲು ಹೋಗಲಿಲ್ಲ. ಅಕ್ಕೋರು ಬಾಗಿಲು ಬಡಿದರೆ ಹೊದಿಕೆ ಎಳೆದುಕೊಂಡಳು. ಸಂಕ್ರಾಂತಿಗೆ ಉಳಿದದ್ದು ಐದೇ ದಿನ. ಗುಂಡಿಗಳ ಡಬ್ಬಿಯ ಪಕ್ಕ ಬಿದ್ದುಕೊಂಡು ನಾನು ನನ್ನನ್ನೇ ಬೈದುಕೊಂಡೆ.

ಐದನೆಯ ಬೆಳಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಇಂದಕ್ಕ ಚಿಂದಿ ಬಟ್ಟೆಯ ಬುಟ್ಟಿ ತೆಗೆದಳು, ಅದರ ಮೇಲೆ ನನ್ನನ್ನು ಎಸೆದಳು. "ಹಾಳಾಗಿ ಹೋಗು, ಸುಳ್ಳ!" ಎಂದಳು. ಹೊರಗೆ ಬರುವಷ್ಟರಲ್ಲಿ ಗಾಡಿ ಮುಂದೆ ಹೋಗಿತ್ತು. "ಏ, ನಿಂದರಪಾ! ನಿಂದರೋ!" ಎಂದು ಕೂಗುತ್ತ ಅವಳು ಬುಟ್ಟಿ ಕಂಕುಳಲ್ಲಿ ಹಿಡಿದು ಓಡಿದಳು. ಹಾಡಿನ ಗದ್ದಲದಲ್ಲಿ ಅವನಿಗೆ ಕೇಳಬೇಕಲ್ಲ? ಗಲ್ಲಿ ದಾಟಿತು. ಹನುಮಪ್ಪನ ಗುಡಿಯ ಏರು ಬಂತು. ಏರನ್ನೂ ಓಡಿಯೇ ಹತ್ತಿ, ತುದಿಯಲ್ಲಿ ಗಾಡಿಯ ಹಿಂಬದಿಗೆ ಕೈ ಹಾಕಿ ನಿಲ್ಲಿಸಿದಳು.

"ಹಾಕ್ರೀ ಅಕ್ಕಾ ಲಗೂ" ಎಂದ ಗಾಡಿಯವನು.

ಇಂದಕ್ಕ ಹಾಕಲಿಲ್ಲ. ಬುಟ್ಟಿ ಹಿಡಿದು ಹಾಗೇ ನಿಂತಳು. ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡಳು. ಹಿಂದೆ ತಿರುಗಿ ಏರು ನೋಡಿದಳು. ಮತ್ತೆ ಎದೆ ಮುಟ್ಟಿಕೊಂಡಳು.

"ಅಯ್ಯ ಶಿವನ! ನನಗ ದಮ್ಮ ಹತ್ತಿಲ್ಲಲ್ಲೋ!"

"ಏನ ಹತ್ತಿಲ್ರೀ?" ಎಂದ ಅವನು ಗಾಬರಿಯಾಗಿ.

ಅವಳು ಚಿಂದಿಯನ್ನೆಲ್ಲ ಗಾಡಿಗೆ ಸುರಿದು ನನ್ನನ್ನು ಮಾತ್ರ ಎತ್ತಿಕೊಂಡು, ಕೊಡವಿ, ಕೊರಳಿಗೆ ಹಾಕಿಕೊಂಡಳು. ಇಳಿಜಾರಿನಲ್ಲಿ ಮತ್ತೆ ಓಡಿದಳು. ಅಕ್ಕೋರ ಬಾಗಿಲು, ಜೈತುನಬಿಯ ಬಾಗಿಲು ಎರಡನ್ನೂ ಮುರಿಯುವ ಹಾಗೆ ಬಡಿದಳು. ಆಗ ನನಗೂ ಬುದ್ಧಿ ಬಂತು. ಡಿಸೆಂಬರಿನ ನಡುವಿನಿಂದಲೇ ಏರಿಯಲ್ಲಿ ನನ್ನ ಮೇಲಿನ ಜಗ್ಗಾಟ ಕಡಿಮೆಯಾಗಿತ್ತು. ನಾನು ಸಡಿಲಾಗಿ ತೂಗುತ್ತಿದ್ದೆ. ಇಂಚಿನ ಚಿಂತೆಯಲ್ಲಿ ಮುಳುಗಿದ್ದ ನನಗೆ ಅದು ಹೊಳೆಯಲೇ ಇಲ್ಲ.

ಸಂಕ್ರಾಂತಿಯ ದಿನ ಗುಡ್ಡದ ಬುಡದಲ್ಲಿ ಜೈತುನಬಿ ನನ್ನ ತುದಿ ಹಿಡಿದು, "ಜಗ್ಗೂಣೇನ ಇಂದಕ್ಕಾ?" ಎಂದಳು. ಇಂದಕ್ಕ ಬೇಡವೆಂದಳು. ಎಪ್ಪತ್ತನೆಯ ಮೆಟ್ಟಿಲಲ್ಲಿ ನಿಂತಳು, ನೂರ ಮೂವತ್ತರಲ್ಲಿ ಕೂತಳು, ಯಾರೂ ಏಳೆನ್ನುವ ಮೊದಲೇ ಎದ್ದಳು. ಕೊನೆಯ ಮೆಟ್ಟಿಲನ್ನೂ ಹತ್ತಿದಳು. ಮೇಲೆ ಗಾಳಿ, ಕೆಳಗೆ ಬಿಸಿಲು ಕಾಯಿಸುತ್ತ ಮಲಗಿದ ಇಡೀ ಊರು. ಇಂದಕ್ಕ ನಕ್ಕಳು, ನಗುತ್ತಲೇ ಅತ್ತಳು, ಸಿಕ್ಕಿದ್ದರಿಂದ ಕಣ್ಣೊರೆಸಿಕೊಂಡಳು. ಸಿಕ್ಕಿದ್ದು ನಾನು.

"ಟೇಪ ಐತಿ, ನಡಾ ಅಳದ ನೋಡೂಣೇನ?" ಎಂದು ಅಕ್ಕೋರು ಕೆಣಕಿದರು.

"ಸುಮ್ನಿರ್ರಿ ಅಕ್ಕೋರ. ಮೊದ್ಲ ರೊಟ್ಟಿ ಬಿಚ್ಚರಿ, ಹಸದ ಸಾಯಾಕತ್ತೀನಿ."

ಅದಾಗಿ ಮೂರು ಚಳಿಗಾಲ ಕಳೆದವು. ಅಳೆಯುವ ಕೆಲಸ ಈಗ ಹೊಸ ಟೇಪಿನದು. ಎಷ್ಟು ಜಗ್ಗಿದರೂ ಜಗ್ಗದ ಜಾತಿ ಅದು, ಪುಣ್ಯವಂತ. ನನ್ನ ಅಂಕಿಗಳಲ್ಲಿ ಅರ್ಧ ಅಳಿಸಿವೆ, ಒಂದು ತುದಿಯ ಹಿತ್ತಾಳೆ ಉದುರಿದೆ, ಉದ್ದ ಎಷ್ಟಾಗಿದೆಯೋ ಕೇಳಬೇಡಿ. ಬಾಗಿಲ ಪಕ್ಕದ ಮೊಳೆಯಲ್ಲಿರುತ್ತೇನೆ. ಬೆಳಗ್ಗೆ ಆರಕ್ಕೆ ಹೊರಡುವವರು ಈಗ ಏಳು ಮಂದಿ. ಪ್ರತಿ ಚಳಿಗಾಲ ಒಬ್ಬರಾದರೂ ಹೊಸಬರು ಸೇರುತ್ತಾರೆ, ಏರಿಯ ಬುಡದಲ್ಲಿ ನಿಂತುಬಿಡುತ್ತಾರೆ. ಆಗ ನನಗೆ ಕರೆ ಬರುತ್ತದೆ. ಮುಂದಿನ ತುದಿ ಈಗ ಇಂದಕ್ಕನ ಮುಷ್ಟಿಯಲ್ಲಿ. ಇಂಚು ಹೇಳಲು ನಾನು ನಾಲಾಯಕ್ಕು, ಒಪ್ಪಿದೆ. ಆದರೆ ಹಿಂದಿನ ಕೈ ಇವತ್ತು ಎಷ್ಟು ಭಾರ, ನಿನ್ನೆಗಿಂತ ಎಷ್ಟು ಹಗುರ ಎಂದು ನನ್ನಷ್ಟು ಸರಿಯಾಗಿ ಹೇಳುವವರನ್ನು ತೋರಿಸಿ ನೋಡೋಣ.

ಈ ವರ್ಷದ ಹೊಸಬಳು ಹಿಟ್ಟಿನ ಗಿರಣಿಯ ನೀಲವ್ವ. ನಾಲ್ಕು ವಾರ ನನ್ನನ್ನು ಬಿಗಿಯಾಗಿ ಹಿಡಿದುಕೊಂಡೇ ಬಂದಳು. ನಿನ್ನೆ ಏರಿಯ ಅರ್ಧದಲ್ಲಿ ಏನೋ ಮಾತಾಡುತ್ತ ಮಾತಾಡುತ್ತ ನನ್ನನ್ನು ಕೈಬಿಟ್ಟಳು. ಬಿಟ್ಟದ್ದು ಅವಳಿಗೂ ಗೊತ್ತಾಗಲಿಲ್ಲ, ಮುಂದಿದ್ದ ಇಂದಕ್ಕನಿಗೂ ಗೊತ್ತಾಗಲಿಲ್ಲ. ಇಬ್ಬರೂ ಹರಟುತ್ತ ಮೇಲೆ ಹೋದರು. ಅವರ ಹಿಂದೆ ತೊಯ್ದ ಹುಲ್ಲಿನ ಮೇಲೆ ಎಳೆಸಿಕೊಂಡು ಹೋದೆ ನಾನು, ಮೈಯೆಲ್ಲ ಕೆಸರು ಮಾಡಿಕೊಂಡು, ನಗುತ್ತ.